‘ಟು’ ಆದ ಮೇಲಿನ ಮಾತು

ಪುಣೆಯ ನವಿ ಪೇಠೆಯಲ್ಲಿ, ಝೆರಾಕ್ಸ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ, ಗೋದಾ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಧಾರವಾಡದಿಂದ ಮದುವೆಯಾಗಿ ಬಂದವಳು. ಗಂಡ ರಾಜೀವ ತೀರಿಕೊಂಡ ಮೇಲೆ ಶಾಲೆಯ ನೌಕರಿ ಬಿಟ್ಟು ಈ ಕ್ಲಾಸು ಶುರುಮಾಡಿದ್ದಳು. ಮಕ್ಕಳ ಗದ್ದಲ ಆಕೆಗೆ ತಾಳದಂತಾಗಿತ್ತು. ಇಲ್ಲಿಗೆ ಬರುವವರು ದುಡಿಯುವ ಜನ. ಅಣ್ಣನ ಹೋಟೆಲಿನ ಗಲ್ಲಾದಲ್ಲಿ ಕೂಡುವ ಉಡುಪಿ ಕಡೆಯ ಕುಶಲ, ಬ್ಯಾಂಕಿನವರು ಒಂದಿಬ್ಬರು, ಹೊರದೇಶದ ಆಸ್ಪತ್ರೆಗಳಿಗೆ ಹೋಗಬೇಕೆಂದಿದ್ದ ನರ್ಸುಗಳು.

ರಾಜೀವ ಬೀಜದ ಕಂಪನಿಯ ಕೆಲಸದ ಮೇಲೆ ಊರೂರು ತಿರುಗುತ್ತಿದ್ದ. ಮೂರು ವರ್ಷದ ಹಿಂದೆ ಭೋರ್ ಎಂಬ ಊರಿನ ಆಚೆಯ ಘಾಟಿನಲ್ಲಿ ಅವನಿದ್ದ ಜೀಪು ಉರುಳಿಬಿತ್ತು. ಪುಣೆಯಿಂದ ಹೊರಟು, ಕಾತ್ರಜದ ವಾಹನಗಳ ಸಾಲಿನಲ್ಲಿ ಸಿಕ್ಕು, ಬಿಡಿಸಿಕೊಂಡು, ಗೋದಾ ಭೋರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಚ್ಚರವೇ ಬರಲಿಲ್ಲ, ಏನೂ ತಿಳಿಯದೆ ಹೋದರು ಎಂದು ಅಲ್ಲಿ ಯಾರೋ ಹೇಳಿದರು. ಆ ಒಂದು ಮಾತನ್ನು ಆಕೆ ಮನೆಗೆ ತಂದಳು. ಮಾವ ಬಿಂದುಮಾಧವರಿಗೂ ಅದನ್ನೇ ಹೇಳಿದಳು. ಅವನಿಗೆ ನೋವು ಗೊತ್ತಾಗಲಿಲ್ಲ ಎಂಬುದನ್ನೇ ನಂಬಿಕೊಂಡು ಮಾವ ಸೊಸೆ ಇಬ್ಬರೂ ಕೋಥರೂಡಿನ ತಮ್ಮ ಮನೆಯಲ್ಲಿ ದಿನ ನೂಕುತ್ತಿದ್ದರು.

ಮಳೆಗಾಲ ಕಳೆಯುತ್ತಿದ್ದಾಗ ಕ್ಲಾಸಿನಲ್ಲಿ ಒಂದು ತೊಡಕಿನ ಪಾಠ ಬಂತು. ಗೋದಾ ಹಲಗೆಯ ಮೇಲೆ ‘ಹೀ ಟ್ರೈಡ್ ಟು ಹೋಲ್ಡ್ ಆನ್’ ಎಂದು ಬರೆದಳು. ಮೊದಲಿನ ‘ಟ್ರೈ’ಗೆ ಭೂತಕಾಲ ಹತ್ತಿತು, ಮುಗಿಯಿತು. ‘ಟು’ ಆದ ಮೇಲೆ ಬರುವ ಕ್ರಿಯಾಪದಕ್ಕೆ ಯಾವ ಕಾಲವನ್ನೂ ಹಚ್ಚಬಾರದು. ಅಲ್ಲಿ ‘ಹೆಲ್ಡ್’ ಎನ್ನುವಂತಿಲ್ಲ. ಬಾಲದಲ್ಲಿರುವ ‘ಆನ್’ ಅನ್ನು ಬಿಡುವಂತೆಯೂ ಇಲ್ಲ, ಏಕೆಂದರೆ ಬರೀ ‘ಹೋಲ್ಡ್’ ಎಂದರೆ ಹಿಡಿ, ‘ಹೋಲ್ಡ್ ಆನ್’ ಎಂದರೆ ಬಿಡದೆ ಹಿಡಿದುಕೊಂಡಿರು. ನಮ್ಮಲ್ಲಿ ಚೆಲ್ಲುವುದು ಬೇರೆ, ಕೈಚೆಲ್ಲುವುದು ಬೇರೆ ಅಲ್ಲವೇ, ಹಾಗೆ ಎಂದು ಕುಶಲನಿಗೆ ಕನ್ನಡದಲ್ಲಿ ಹೇಳಿದಳು.

ಕುಶಲ ತಲೆ ಕೆರೆದುಕೊಂಡ. “ಹಾಗಾದ್ರೆ ಅವ ಹಿಡ್ಕೊಂಡಿದ್ದನಾ, ಬಿಟ್ಟನಾ ಮೇಡಂ?”

“ವಾಕ್ಯ ಅದನ್ನ ಹೇಳೂದಿಲ್ರಿ,” ಎಂದಳು ಗೋದಾ. “ಪ್ರಯತ್ನ ಮಾಡಿದ್ದು ಖರೆ. ಮುಂದಿಂದು ಗೊತ್ತಿಲ್ಲ.”

ಎಲ್ಲರೂ ಒಂದೊಂದು ವಾಕ್ಯ ಹೇಳಬೇಕಿತ್ತು. ಒಬ್ಬರು ಬಸ್ ಹತ್ತಲು ನೋಡಿದ್ದು, ಒಬ್ಬರು ಸಿಗರೇಟು ಬಿಡಬೇಕೆಂದಿದ್ದು, ಹೀಗೆ ನಗುತ್ತ ಹೇಳಿದರು. ಕಿಟಕಿಯ ಪಕ್ಕ ಕೂಡುತ್ತಿದ್ದ ಹರ್ಷದಾ ಎಂಬ ಮರಾಠಿ ನರ್ಸು ಮಾತ್ರ ನಗದೆ, “ಹೀ ಟ್ರೈಡ್ ಟು ಸಿಟ್ ಅಪ್,” ಎಂದಳು. ಎದ್ದು ಕೂಡಲು ನೋಡಿದ. ತಪ್ಪಿಲ್ಲದ ವಾಕ್ಯ. ಗೋದಾ ಶಾಬಾಸ್ ಎಂದು ಮುಂದೆ ಹೋದಳು.

ಮುಂದಿನ ಕ್ಲಾಸಿನಲ್ಲಿ ಹರ್ಷದಾ ಹೇಳಿದ್ದು, “ಹೀ ವಾಂಟೆಡ್ ಟು ಕಾಲ್ ಔಟ್.” ಕೂಗಿ ಕರೆಯಬೇಕೆಂದಿದ್ದ. ಅದರ ಮುಂದಿನ ಸಲ, “ಹೀ ಸ್ಟಾರ್ಟೆಡ್ ಟು ಕಮ್ ರೌಂಡ್.” ಎಚ್ಚರವಾಗತೊಡಗಿದ. ಉಳಿದವರ ವಾಕ್ಯಗಳಲ್ಲಿ ಅಣ್ಣ, ಗಿರಾಕಿ, ಪಕ್ಕದ ಮನೆಯವರು, ಯಾರ್ಯಾರೋ ಬಂದುಹೋಗುತ್ತಿದ್ದರು. ಹರ್ಷದಾಳ ವಾಕ್ಯಗಳಲ್ಲಿ ಒಬ್ಬನೇ ಒಬ್ಬ ಗಂಡಸು. ಹೆಸರಿಲ್ಲ, ಮಲಗಿದಲ್ಲೇ ಇದ್ದಾನೆ. ಹೇಳುವಾಗ ಆಕೆ ಹಲಗೆ ನೋಡುತ್ತಿರಲಿಲ್ಲ, ಗೋದಾಳ ಮುಖ ನೋಡುತ್ತಿದ್ದಳು.

ಆ ಗಂಡಸು ಗೋದಾಳ ಬೆನ್ನು ಹತ್ತಿದ. ಬಸ್ಸಿನಲ್ಲಿ ಕೂತರೆ ಪಕ್ಕದ ಸೀಟಿನವರು ಮೈ ಸರಿಸಿಕೊಂಡರೂ ಅವನೇ ಎದ್ದು ಕೂಡಲು ಹೆಣಗಿದಂತೆ ಅನ್ನಿಸುತ್ತಿತ್ತು. ಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಾಗ ಒಳಕೋಣೆಯ ಮಂಚ ಕಿರುಗುಟ್ಟಿತೆಂದು ಓಡಿದಳು. ಮಂಚ ಖಾಲಿಯಿತ್ತು, ಮಾವನವರು ಕೆಳಗೆ ಹಾಲು ತರಲು ಹೋಗಿದ್ದರು. ಚಾದರ ಮಾತ್ರ ಒಂದು ಬದಿಗೆ ಜಗ್ಗಿತ್ತು. ತಾನೇ ಸರಿಯಾಗಿ ಹಾಸಿರಲಿಕ್ಕಿಲ್ಲ ಎಂದುಕೊಂಡಳು, ಆದರೂ ಅದನ್ನು ಮುಟ್ಟಿ ಸರಿಮಾಡುವ ಧೈರ್ಯವಾಗಲಿಲ್ಲ. ರಾಜೀವನಿಗೆ ಎಚ್ಚರವೇ ಬರಲಿಲ್ಲ ಎಂದು ದಿನಾ ಹೇಳಿಕೊಳ್ಳುತ್ತಿದ್ದ ಮಾತನ್ನು ಮತ್ತೆ ಹೇಳಿಕೊಳ್ಳಹೋದರೆ, ‘ಸ್ಟಾರ್ಟೆಡ್ ಟು ಕಮ್ ರೌಂಡ್’ ಎಂಬ ತಣ್ಣನೆಯ ದನಿ ಅಡ್ಡ ಬರುತ್ತಿತ್ತು.

ಆ ಪಾಠದ ಕಡೆಯ ದಿನ ಆಕೆ ‘ಮ್ಯಾನೇಜ್ಡ್’ ಎಂಬುದನ್ನು ಕಲಿಸಿದಳು. ‘ಟ್ರೈಡ್’, ‘ವಾಂಟೆಡ್’ ಬಂದರೆ ಮುಂದಿನ ಕೆಲಸ ಆಯಿತೋ ಇಲ್ಲವೋ ಗೊತ್ತಿಲ್ಲ. ‘ಮ್ಯಾನೇಜ್ಡ್’ ಬಂದರೆ ಹೇಗೋ ಮಾಡಿ ಆ ಕೆಲಸ ಆಗಿಹೋಯಿತು ಎಂದೇ ಅರ್ಥ. ಹರ್ಷದಾಳ ಸರದಿ ಬಂತು.

“ಹೀ ಮ್ಯಾನೇಜ್ಡ್ ಟು ಟೇಕ್ ಆಫ್ ದ ಮಾಸ್ಕ್,” ಎಂದಳು.

ಹೇಗೋ ಮಾಡಿ ಆಕ್ಸಿಜನ್ ಮಾಸ್ಕು ತೆಗೆದುಹಾಕಿದ. ಗೋದಾ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದಳು, ಕ್ಲಾಸು ಅಲ್ಲಿಗೇ ಮುಗಿಸಿದಳು. ಎಲ್ಲರೂ ಇಳಿದುಹೋದ ಮೇಲೂ ಹರ್ಷದಾ ಕಿಟಕಿಯ ಬಳಿ ಹಾಗೇ ಕೂತಿದ್ದಳು. ಅವನು ಯಾರು ಎಂದು ಗೋದಾ ಮರಾಠಿಯಲ್ಲಿ ಕೇಳಿದಳು. ಕೇಳುವಾಗಲೇ ಆಕೆಗೆ ಗೊತ್ತಿತ್ತು.

ಮೂರು ವರ್ಷದ ಹಿಂದೆ ಹರ್ಷದಾ ಭೋರಿನ ಆ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಜೀಪಿನಲ್ಲಿದ್ದ ಉಳಿದವರನ್ನು ಡಾಕ್ಟರು ನೋಡುತ್ತಿದ್ದಾಗ ರಾಜೀವನ ಹತ್ತಿರ ಇದ್ದವಳು ಇವಳೊಬ್ಬಳೇ. ಸ್ವಲ್ಪ ಹೊತ್ತು ಅವನಿಗೆ ಎಚ್ಚರ ಬಂದಿತ್ತು. ಡಾಕ್ಟರು ಓಡಿ ಬರುವಷ್ಟರಲ್ಲಿ ಮತ್ತೆ ಹೋಯಿತು, ಆಮೇಲೆ ಬರಲಿಲ್ಲ. ಆ ಸಂಜೆ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಗೋದಾಳಿಗೆ ಯಾರೋ ಸಮಾಧಾನ ಹೇಳುತ್ತಿದ್ದುದನ್ನು ಹರ್ಷದಾ ಬಾಗಿಲಿನಿಂದ ಕೇಳಿದ್ದಳು. ಅದನ್ನು ಒಡೆಯಲು ಬಾಯಿ ಬರಲಿಲ್ಲ. ಪುಣೆಗೆ ಬಂದು, ಇಂಗ್ಲಿಷ್ ಪರೀಕ್ಷೆಗೆ ಕ್ಲಾಸು ಹುಡುಕುವಾಗ ಇಲ್ಲಿಯ ಬೋರ್ಡಿನ ಮೇಲಿನ ಫೋಟೋದಲ್ಲಿ ಅದೇ ಮುಖ ಕಂಡಳು. ಹೇಳಬೇಕೆಂದೇ ಸೇರಿದಳು. ಮರಾಠಿಯಲ್ಲಿ ಹೇಳಲಾಗದ್ದು ಇಂಗ್ಲಿಷಿನಲ್ಲಿ ಒಂದೊಂದಾಗಿ ಹೊರಬಿತ್ತು.

ಅವನು ಮಾಸ್ಕು ತೆಗೆದು ಏನೋ ಅಂದನಂತೆ. ಎರಡು ಸಲ. ಹರ್ಷದಾಳಿಗೆ ತಿಳಿಯದ ಭಾಷೆ. ಮರಾಠಿಯ ‘ಕಡೆ’ ಎಂಬ ಮಾತೇ ಇರಬೇಕು, ಯಾರ ಕಡೆಗೋ ಕರೆದುಕೊಂಡು ಹೋಗು ಎನ್ನುತ್ತಿದ್ದಾನೆ ಎಂದುಕೊಂಡು, ಯಾರ ಕಡೆಗೆ, ಯಾರ ಕಡೆಗೆ ಎಂದು ಕೇಳುತ್ತಲೇ ಇದ್ದಳಂತೆ. ಅರ್ಥವಾಗದೆ ಉಳಿದ ಆ ಸದ್ದು ಮೂರು ವರ್ಷ ಆಕೆಯ ಕಿವಿಯಲ್ಲಿತ್ತು. ಈಗ ಆಕೆ ಅದನ್ನು ಜೋಪಾನವಾಗಿ, ಮುರಿಯದಂತೆ ಹೊರಗಿಟ್ಟಳು.

“ಗೋದಾ, ಕದಾ ತೆಗಿ.”

ರಾಜೀವ ಎಂದೂ ಕೀಲಿಕೈ ಒಯ್ದವನಲ್ಲ. ಬೆಲ್ ಒತ್ತಿದವನೂ ಅಲ್ಲ. ಮೆಟ್ಟಿಲ ಮೇಲಿಂದಲೇ ಹೀಗೆ ಕೂಗುತ್ತ ಬರುವುದು ಅವನ ರೂಢಿ. ಗೋದಾಳಿಗೆ ಅಳು ಬರಲಿಲ್ಲ. ಬಾಗಿಲು ತೆರೆ ಎಂದಿದ್ದರು ಎಂದು ಮರಾಠಿಯಲ್ಲಿ ಅರ್ಥ ಹೇಳಿದಳು. ಹರ್ಷದಾ ಮುಖ ಮುಚ್ಚಿಕೊಂಡಳು. ಗೋದಾ ಆಕೆಯ ಬೆನ್ನ ಮೇಲೆ ಕೈಯಿಟ್ಟು, ನೀನು ಹತ್ತಿರ ಇದ್ದಿಯಲ್ಲ, ಅದು ದೊಡ್ಡದು ಎಂದಳು.

ಮಾವನವರಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿದಳು. ಮುಚ್ಚಿಟ್ಟರೆ ತಾನೂ ಬೆಂಚಿನ ಹತ್ತಿರ ನಿಂತು ಸಮಾಧಾನ ಹೇಳಿದವರ ಹಾಗೆಯೇ ಆಗುತ್ತೇನೆ ಎನ್ನಿಸಿ, ಮುಂಜಾನೆ ಚಹಾ ಕೊಟ್ಟು ಎದುರು ಕೂತು ಎಲ್ಲವನ್ನೂ ಹೇಳಿದಳು. ಬಿಂದುಮಾಧವರು ಚಹಾದ ಕಪ್ಪನ್ನು ಕೆಳಗಿಟ್ಟರು.

“ಎಚ್ಚರಿತ್ತು ಹಂಗಾರ,” ಎಂದರು.

“ಹೌದ್ರಿ ಮಾಮಾ. ಸ್ವಲ್ಪ ಹೊತ್ತು.”

“ದಿನಾ ಹೊರಗ ಮರಾಠಿನೇ ಮಾತಾಡಾಂವ. ಕಡೀಕ ಮನಿ ಮಾತು ಬಂತು ನೋಡು.” ಮುಂಬಾಗಿಲ ಕಡೆ ನೋಡಿ, “ಭಾಳ ಹೊತ್ತು ನಿಂದರಿಸಿದ್ವಿ ಅವನ್ನ,” ಎಂದರು.

ಮರುದಿನ ಕ್ಲಾಸು ಮುಗಿಸಿ ಗೋದಾ ಮನೆಗೆ ಬಂದಾಗ ಮುಂಬಾಗಿಲು ಹಾರು ಹೊಡೆದಿತ್ತು. ಬಿಂದುಮಾಧವರು ಅದಕ್ಕೆ ಎದುರಾಗಿ ಕುರ್ಚಿ ಹಾಕಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು ಕೂತಿದ್ದರು. ಗೋದಾ ಚಪ್ಪಲಿ ಬಿಟ್ಟು, ಇನ್ನೊಂದು ಕುರ್ಚಿ ತಂದು ಅವರ ಪಕ್ಕಕ್ಕೆ ಹಾಕಿದಳು. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಹತ್ತಿ ಬಂದವು, ಇಬ್ಬರೂ ತಲೆಯೆತ್ತಿದರು. ಹೆಜ್ಜೆಗಳು ಒಂದು ಅಂತಸ್ತು ಕೆಳಗೇ ನಿಂತುಹೋದವು. ಅಲ್ಲಿ ಯಾವ ಬಾಗಿಲೂ ತೆರೆದ ಸದ್ದಾಗಲಿಲ್ಲ.

ಸಂಜೆ ಸೊಳ್ಳೆ ಬಂದವು. ಗೋದಾ ಎದ್ದು ಹೋಗಿ ಸೊಳ್ಳೆಬತ್ತಿ ಹಚ್ಚಿ ಕುರ್ಚಿಯ ಕೆಳಗಿಟ್ಟಳು. ಕದ ಹಾಕಲಿಲ್ಲ.