ಅಣ್ಣ ಬಿಟ್ಟ ವೇಪು

ಅಂಗಿಯ ಜೇಬಿಗೆ ಕೈ ಹಾಕಿದ ಗುನ್‌ಬೇಗೆ ಬೆರಳೆಲ್ಲ ಅಂಟಂಟಾಯಿತು. ಸಿಗರೇಟಿನ ಬದಲು ಸೇದುವ ವೇಪು ಮತ್ತೆ ಸೋರಿತ್ತು. ಜೇಬಿನ ತಳದಲ್ಲಿ ಕಂದು ಕಲೆ ಅಂಗೈಯಗಲ ಹರಡಿ, ಕಾರಿನೊಳಗೆಲ್ಲ ದ್ರಾಕ್ಷಿ ಶರಬತ್ತು ಚೆಲ್ಲಿದ ವಾಸನೆ.

"ಸೀಟಿಗೆ ಒರೆಸ್ಬೇಡ," ಎಂದ ಅವನ ಅಣ್ಣ ಪಿಲ್ಹೊ, ರಸ್ತೆಯಿಂದ ಕಣ್ಣು ತೆಗೆಯದೆ.

"ಒರೆಸ್ತೀನಿ ಅಂತ ಯಾರು ಹೇಳಿದ್ರು?"

"ನಿನ್ನ ಕೈ ಹೇಳ್ತಾ ಇದೆ."

ಗುನ್‌ಬೇ ಕೈಯನ್ನು ತನ್ನ ಪ್ಯಾಂಟಿಗೇ ಒರೆಸಿಕೊಂಡ. ವರ್ಷಕ್ಕೊಮ್ಮೆ, ಚುಸಾಕ್ ಸುಗ್ಗಿ ಹಬ್ಬಕ್ಕೆ ಮುಂಚೆ ಅಪ್ಪನ ಸಮಾಧಿಯ ಹುಲ್ಲು ಕತ್ತರಿಸುವ ದಿನ ಮಾತ್ರ ಇಬ್ಬರೂ ಒಂದೇ ಕಾರಿನಲ್ಲಿ ಕೂರುತ್ತಿದ್ದರು. ಅಣ್ಣನಿಗೆ ಸುವಾನ್‌ನಲ್ಲಿ ಟೈಲ್ಸ್ ಅಂಗಡಿ. ತಮ್ಮ ದೇಗುವಿನಲ್ಲಿ ಸಿಟಿ ಬಸ್ಸಿನ ಡ್ರೈವರು. ಆಂದೊಂಗ್ ಬಸ್ ನಿಲ್ದಾಣದಿಂದ ಹಳ್ಳಿಯ ಗುಡ್ಡದವರೆಗಿನ ದಾರಿಯಷ್ಟೇ ಇಬ್ಬರಿಗೂ ಉಳಿದಿದ್ದ ಒಡಹುಟ್ಟಿದ ನಂಟು. ಅದೂ ಹೆಚ್ಚಾಯಿತು ಎಂದು ಗುನ್‌ಬೇಗೆ ಪ್ರತಿ ವರ್ಷ ಅನ್ನಿಸುತ್ತಿತ್ತು.

ವಸಂತದಲ್ಲಿ ಅವನ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ್ದರು. "ಇನ್ನೊಂದು ಸಿಗರೇಟು ಸೇದಿದ್ರೆ ನನ್ನ ಹತ್ರ ಬರ್ಬೇಡಿ, ಸೀದಾ ಸ್ಮಶಾನಕ್ಕೆ ಹೋಗಿ," ಎಂದಿದ್ದರು ಡಾಕ್ಟರು. ವೇಪಿನ ಬಗ್ಗೆಯೂ ಅವರು ಗೊಣಗಿದ್ದರು, ಆದರೆ ಎರಡರಲ್ಲಿ ಅದೇ ವಾಸಿ ಎಂದು ಬಿಟ್ಟಿದ್ದರು. ಅಂದಿನಿಂದ ಗುನ್‌ಬೇ ಸಿಗರೇಟು ಮುಟ್ಟಿರಲಿಲ್ಲ. ಮೂವತ್ತು ವರ್ಷದ ಚಟವನ್ನು ತಡೆದು ನಿಲ್ಲಿಸಿದ್ದದ್ದು ಸಂತೆಯ ಬದಿಯಲ್ಲಿ ಕೊಂಡ ಈ ಪ್ಲಾಸ್ಟಿಕ್ ಕೊಳವೆ ಒಂದೇ. ಅದಿಲ್ಲದೆ ಒಂದು ಟ್ರಿಪ್ಪು ಕಳೆಯುವಷ್ಟರಲ್ಲಿ ಸ್ಟೀರಿಂಗ್ ಮೇಲೆ ಅವನ ಬೆರಳು ತಾಳ ಹಾಕತೊಡಗುತ್ತಿತ್ತು. ಈಗ ಅದು ಸತ್ತಿತ್ತು, ಇಡೀ ದಿನ ಮುಂದಿತ್ತು, ಪಕ್ಕದಲ್ಲಿ ಅಣ್ಣನಿದ್ದ.

"ಎಲ್ಲಾದ್ರೂ ವೇಪಿನ ಅಂಗಡಿ ಕಂಡ್ರೆ ನಿಲ್ಸು," ಎಂದ.

ಯೆಚೊನ್ ಪೇಟೆಯಲ್ಲಿ ಕ್ಷೌರದಂಗಡಿಗೂ ಕೋಳಿ ಹುರಿಯುವ ಅಂಗಡಿಗೂ ನಡುವೆ ಒಂದು ಸಿಕ್ಕಿತು. ಗಾಜಿನ ಮೇಜಿನ ಹಿಂದೆ ನಲವತ್ತರ ಆಸುಪಾಸಿನ ಹೆಂಗಸು ಶಾವಿಗೆ ಹೀರುತ್ತಿದ್ದಳು. ಇವರನ್ನು ಕಂಡು ಬಟ್ಟಲಿಗೆ ಮುಚ್ಚಳ ಹಾಕಿ, ಬಾಯಿ ಒರೆಸಿಕೊಂಡು, ಗುನ್‌ಬೇಯ ವೇಪನ್ನು ಎರಡೇ ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

"ಯಜಮಾನ್ರೇ, ಇದು ಎಸೆಯೋ ಸಾಮಾನು. ರಿಪೇರಿ ಮಾಡೋದಲ್ಲ."

"ಹಾಗಾದ್ರೆ ಬೇರೆ ತೋರ್ಸಿ."

ಅವಳು ಮೇಜಿನ ಮೇಲೆ ಎರಡು ಇಟ್ಟಳು. ಒಂದು ಕಪ್ಪು ಲೋಹದ್ದು. ಹಿಡಿಯುವ ಕಡೆ ತೊಗಲು ಸುತ್ತಿ, ಅಂಚು ನಯವಾಗಿ ತಿದ್ದಿದ್ದು. ಇನ್ನೊಂದು ಪ್ಲಾಸ್ಟಿಕ್ಕಿನದು, ಮಕ್ಕಳ ಪೀಪಿಯ ಹಸಿರು ಬಣ್ಣ. ಮೊದಲನೆಯದರ ಬೆಲೆಗೆ ಎರಡನೆಯದು ಐದಾರು ಬರುತ್ತಿದ್ದವು.

"ಏನು ವ್ಯತ್ಯಾಸ?"

"ಹೊಗೆ ಹೊಗೆನೇ. ಆದ್ರೆ ಇದು ಸೋರಲ್ಲ. ಎಳೆದಾಗ ಬಿಗಿ ಬೇಕಾ ಸಡಿಲ ಬೇಕಾ, ನಿಮಗೆ ಬೇಕಾದ ಹಾಗೆ ಮಾಡ್ಕೋಬಹುದು. ಆ ಹಸಿರುದು ಎರಡು ತಿಂಗಳು ಬಂದ್ರೆ ನಿಮ್ಮ ಪುಣ್ಯ." ಅವಳು ಗುನ್‌ಬೇಯ ಮುಖ ನೋಡಿದಳು. "ಸಿಗರೇಟು ಬಿಟ್ಟಿರೋದಾ?"

"ಹೂಂ."

"ಹಾಗಾದ್ರೆ ಗಂಟಲಿಗೆ ತೃಪ್ತಿ ಆಗ್ಬೇಕು. ಆಗದೆ ಇರೋರು ನನ್ನ ಅಂಗಡಿ ಬಿಟ್ಟು ಎದುರಿನ ಅಂಗಡೀಲಿ ಪ್ಯಾಕೆಟ್ ಕೊಳ್ತಾರೆ. ದಿನಾ ನೋಡ್ತೀನಿ."

ರುಚಿ ನೋಡಲೆಂದು ಅಂಥದೇ ಇನ್ನೊಂದಕ್ಕೆ ಹೊಸ ಬಾಯಿತುದಿ ಸಿಕ್ಕಿಸಿ ಕೊಟ್ಟಳು. ಗುನ್‌ಬೇ ಎಳೆದ. ಹೊಗೆ ಗಂಟಲ ಹಿಂಭಾಗವನ್ನು ಒಮ್ಮೆ ಗಟ್ಟಿಯಾಗಿ ತಟ್ಟಿ ಎದೆಗಿಳಿಯಿತು. ವಸಂತದಿಂದ ಸಿಗದೇ ಇದ್ದದ್ದು ಅದೇ, ಆ ಒಂದು ತಟ್ಟು. ಅವನ ಭುಜಗಳು ತಮ್ಮಷ್ಟಕ್ಕೆ ಇಳಿದವು. ಇದಿದ್ದರೆ ತಾನು ಬದುಕಿಕೊಳ್ಳುತ್ತೇನೆ ಎನ್ನಿಸಿತು. ಹೆಂಡತಿ ಸಂಜೆಯ ಹೊತ್ತು ತನ್ನ ಕೈ ಮೂಸಿ ನೋಡುವ ಸಂಕಟ ತಪ್ಪುತ್ತದೆ ಎನ್ನಿಸಿತು. ಬೆಲೆ ಕೈಗೆಟುಕದ್ದೇನಲ್ಲ, ತುಸು ಬಿಗಿ ಅಷ್ಟೆ. ಅವನ ಕೈ ಪರ್ಸಿನ ಕಡೆ ಹೋಯಿತು.

"ಅದನ್ನ ನನಗೆ ಕಟ್ಟಮ್ಮ," ಎಂದ ಪಿಲ್ಹೊ ಹಿಂದಿನಿಂದ.

ಗುನ್‌ಬೇ ತಿರುಗಿದ. ಹೋದ ಚಳಿಗಾಲದಲ್ಲಿ ಸಿಗರೇಟು ಬಿಟ್ಟಿದ್ದ ಅಣ್ಣ ಕೋಟಿನ ಒಳಜೇಬಿನಿಂದ ತನ್ನದೇ ವೇಪನ್ನು ತೆಗೆದ. ಅದೂ ಅದೇ ಕಂಪನಿಯದು, ಹೋದ ವರ್ಷದ ಮಾದರಿ. ಬಾಯಿತುದಿಯನ್ನು ಹೆಬ್ಬೆರಳಿಂದ ಉಜ್ಜಿ ತಮ್ಮನ ಮುಂದೆ ಇಟ್ಟ.

"ಹೊಸದು ನಾನು ತಗೋತೀನಿ. ಇದು ನಿನಗೆ. ಹೊಸದರ ಹಾಗೇ ಇದೆ, ಒಂದು ಗೀರು ಬಿದ್ದಿಲ್ಲ."

"ನಾನು ಕೇಳಿದ್ನಾ?"

"ಕೇಳ್ಬೇಕಾ? ಇದರ ಮುಂದೆ ನೀನು ಆ ಪೀಪಿ ಊದ್ತೀಯಾ?"

ಮೇಜಿನ ಮೇಲಿನ ಆ ವಸ್ತುವನ್ನು ಗುನ್‌ಬೇ ನೋಡುತ್ತ ನಿಂತ. ಮಿಡ್ಲ್ ಸ್ಕೂಲಿಗೆ ಸೇರಿದ ದಿನ ಅವ್ವ ಅಣ್ಣನ ಯೂನಿಫಾರ್ಮಿನಿಂದ ಹೆಸರಿನ ಪಟ್ಟಿ ಬಿಚ್ಚಿ ಇವನ ಹೆಸರು ಹೊಲಿದುಕೊಟ್ಟಿದ್ದಳು. ಸುತ್ತ ಹಳೆಯ ಸೂಜಿಯ ತೂತುಗಳು ಹಾಗೇ ಉಳಿದಿದ್ದವು. ಮೂರು ವರ್ಷ ಆ ಅಂಗಿ ಹಾಕಿದ. ಮೂರು ವರ್ಷವೂ ಒಂದಿಬ್ಬರು ಮೇಷ್ಟ್ರು ಅವನನ್ನು ಪಿಲ್ಹೊ ಎಂದೇ ಕರೆದರು. ಶೂ, ಚಾಪೆ, ಸೈಕಲ್ಲು, ಕಡೆಗೆ ಸೈನ್ಯಕ್ಕೆ ಹೋಗುವಾಗ ಕೈಗೆ ಕಟ್ಟಿದ ಗಡಿಯಾರ ಕೂಡ ಅಣ್ಣ ಬಿಟ್ಟದ್ದೇ.

"ಬೇಡ," ಎಂದ.

"ಯಾಕೆ, ನನ್ನ ಎಂಜಲು ಅಂತಾನಾ? ನಾನು ಅರ್ಧ ಚೀಪಿದ ಐಸ್ ಕ್ಯಾಂಡಿ ತಿಂದಿಲ್ವಾ ನೀನು?"

"ಆಗ ಬೇರೆ ದಾರಿ ಇರ್ಲಿಲ್ಲ."

ಪಿಲ್ಹೊ ನಕ್ಕು ಅಂಗಡಿಯವಳ ಕಡೆ ತಿರುಗಿದ. "ಹುಟ್ಟಿದಾಗಿಂದ ನಾನು ಬಿಟ್ಟಿದ್ದನ್ನೇ ಹಾಕ್ಕೊಂಡು ಬೆಳೆದೋನು ಕಣಮ್ಮ ಇವನು. ಐವತ್ತು ದಾಟಿದ ಮೇಲೆ ಗತ್ತು ಬಂದಿದೆ."

ಅವಳು ನಗಲಿಲ್ಲ. ಅವಳು ನಕ್ಕಿದ್ದರೆ ಗುನ್‌ಬೇಗೆ ವಾಸಿಯೆನಿಸುತ್ತಿತ್ತು. ಅವಳು ಕನಿಕರದಿಂದ ನೋಡಿದಳು, ಅದು ಅವನ ಮೈಗೆ ಮುಳ್ಳಿನಂತೆ ಚುಚ್ಚಿತು. ಕಪ್ಪು ಲೋಹದ್ದನ್ನು ತಾನೇ ಕೊಳ್ಳಬಹುದಿತ್ತು, ಇನ್ನೊಂದು ಕೊಡಿ ಎಂದಿದ್ದರೆ ಸಾಕಿತ್ತು. ಆದರೆ ಅಣ್ಣನ ಕೈಯಲ್ಲಿದ್ದದ್ದೇ ತನ್ನ ಕೈಯಲ್ಲೂ ಇರುವುದು ಈಗ ಅವನಿಗೆ ಸಹಿಸಲಾಗದಾಗಿತ್ತು. ಕೋಪದ ಕೈಗೆ ಬುದ್ಧಿ ಕೊಟ್ಟು, "ಆ ಹಸಿರುದು ಕೊಡಿ," ಎಂದ.

ಅವಳು ಅದನ್ನು ಪೊಟ್ಟಣದಿಂದ ತೆಗೆದಳು. ದ್ರವ ತುಂಬಿಕೊಟ್ಟು, "ಹತ್ತು ನಿಮಿಷ ಮುಟ್ಬೇಡಿ. ಒಳಗಿನ ಹತ್ತಿ ನೆನೀಬೇಕು. ಒಣಹತ್ತಿ ಮೇಲೆ ಎಳೆದ್ರೆ ಸುಟ್ಟುಹೋಗುತ್ತೆ, ಆಮೇಲೆ ಏನು ಮಾಡಿದ್ರೂ ಕಮಟು ಹೋಗಲ್ಲ," ಎಂದಳು.

"ಗೊತ್ತು."

ಕಾರು ಪೇಟೆ ದಾಟುವ ಮೊದಲೇ ಪಿಲ್ಹೊ ಹೊಸದನ್ನು ಬಾಯಿಗಿಟ್ಟ. ಅದಕ್ಕೆ ಅಂಗಡಿಯವಳು ಹತ್ತಿ ಮೊದಲೇ ನೆನೆಸಿಟ್ಟಿದ್ದ ಟ್ಯಾಂಕನ್ನೇ ಹಾಕಿಕೊಟ್ಟಿದ್ದಳು. ದೊಡ್ಡವರಿಗೆ ಎಲ್ಲವೂ ನೆನೆದೇ ಸಿಗುತ್ತದೆ. ಹೊಗೆ ಕಿಟಕಿಯವರೆಗೂ ತೇಲಿ ಬಂತು.

"ಆಹಾ," ಎಂದ ಪಿಲ್ಹೊ. "ನಿನ್ನ ಪೀಪಿ ಏನನ್ನುತ್ತೆ? ಊದು ನೋಡೋಣ. ರೈಲು ಹೊರಡುತ್ತಾ?"

ಗುನ್‌ಬೇ ಹೊಲದ ಕಡೆ ಮುಖ ಮಾಡಿ ಕೂತ.

"ಭಯಾನಾ? ಕೆಟ್ಟುಹೋದ್ರೆ ಹೇಳು. ನನ್ನ ಹಳೇದು ಜೇಬಲ್ಲೇ ಇದೆ."

ಗುನ್‌ಬೇ ಹಸಿರು ವೇಪನ್ನು ತೆಗೆದು ಜೋರಾಗಿ ಎಳೆದ. ಸುಟ್ಟ ಬಟ್ಟೆಯ ಕಮಟು ನಾಲಗೆಯಿಂದ ಎದೆಯವರೆಗೂ ಇಳಿಯಿತು. ಕಣ್ಣಲ್ಲಿ ನೀರು ಬಂತು. ಕೆಮ್ಮು ತಡೆದು ನುಂಗಿದ.

"ಹೇಗಿದೆ?"

"ಚೆನ್ನಾಗಿದೆ."

"ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ."

"ಯಾರೋ ಹೊಲಕ್ಕೆ ಬೆಂಕಿ ಇಟ್ಟಿರ್ಬೇಕು."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವಂತೆ ಅವನು ಮತ್ತೂ ಎರಡು ಸಲ ಎಳೆದ. ಆಮೇಲೆ ಆಗಲಿಲ್ಲ. ಅದನ್ನು ಮೊದಲನೆಯದರ ಜೊತೆಗೆ ಅದೇ ಒದ್ದೆ ಜೇಬಿಗೆ ತುರುಕಿದ.

ಹಳ್ಳಿಯ ಅಂಗಡಿಯಲ್ಲಿ ಪಿಲ್ಹೊ ಇಳಿದು ಸೋಜು ಮದ್ಯ, ಒಣಮೀನು, ಒಂದು ಪ್ಯಾಕೆಟ್ ಸಿಗರೇಟು ತಂದ. ಸಿಗರೇಟು ಅಪ್ಪನಿಗೆ. ಪ್ರತಿ ವರ್ಷ ಹುಲ್ಲು ಕತ್ತರಿಸಿದ ಮೇಲೆ ಒಂದನ್ನು ಹಚ್ಚಿ ಸಮಾಧಿಯ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಇಡುತ್ತಿದ್ದರು. ಅಪ್ಪನನ್ನು ಕೊಂದದ್ದೂ ಅದೇ, ಆದರೆ ಸತ್ತವನಿಗೆ ಇನ್ನೇನು ಕೆಡುವುದಿದೆ? ಗುನ್‌ಬೇ ಚೀಲಕ್ಕೆ ಕೈ ಚಾಚಿದಾಗ ಪಿಲ್ಹೊ ಪ್ಯಾಕೆಟ್ಟನ್ನು ಮಾತ್ರ ಎತ್ತಿ ತನ್ನ ಜೇಬಿಗೆ ಹಾಕಿಕೊಂಡ.

"ಇದು ನಿನ್ನ ಹತ್ರ ಬೇಡ."

ಅಣ್ಣ ಮಾಡಿದ್ದು ಸರಿಯೇ ಆಗಿತ್ತು. ಸರಿಯಾಗಿತ್ತೆಂಬುದೇ ಗುನ್‌ಬೇಗೆ ಉರಿ ಹತ್ತಿಸಿತು.

ಗುಡ್ಡದ ಮೇಲೆ ಹುಲ್ಲು ಸೊಂಟದುದ್ದ ಬೆಳೆದಿತ್ತು. ಪಿಲ್ಹೊ ಕತ್ತರಿಸುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡ, ಗುನ್‌ಬೇ ಹಿಂದೆ ಹಿಂದೆ ಹುಲ್ಲನ್ನು ಬಾಚಿ ಗುಡ್ಡೆ ಮಾಡಿದ. ಬಾಯಿ ಒಣಗಿತ್ತು, ತಲೆಯೊಳಗೆ ಜೇನುಹುಳು ಎದ್ದಿದ್ದವು. ನಡುವೆ ಅಣ್ಣ ಯಂತ್ರ ನಿಲ್ಲಿಸಿ ತನ್ನ ಹೊಸ ವೇಪಿನಿಂದ ನಾಲ್ಕು ಸಲ ಎಳೆದು ಮತ್ತೆ ಶುರು ಮಾಡುತ್ತಿದ್ದ. ಆ ಹೊಗೆ ಗಾಳಿಗೆ ಕೆಳಕ್ಕೆ ಬಂದಾಗಲೆಲ್ಲ ಗುನ್‌ಬೇ ಹುಲ್ಲು ಬಾಚುವ ಕೋಲಿನ ಹಿಡಿಯನ್ನು ಮುರಿಯುವಂತೆ ಹಿಡಿಯುತ್ತಿದ್ದ. ಒಮ್ಮೆ ಕೇಳಿಬಿಡೋಣವೇ ಎನ್ನಿಸಿತು: ಅಣ್ಣ, ಆ ಹಳೇದು ಕೊಡು. ಕೇಳದೆ ಇನ್ನೊಂದು ಗುಡ್ಡೆ ಬಾಚಿದ.

ಸಮಾಧಿಯ ಗುಡ್ಡೆ ತಲೆ ಬೋಳಿಸಿದಂತೆ ಚೊಕ್ಕವಾಯಿತು. ಚಾಪೆ ಹಾಸಿ, ಕಲ್ಲಿನ ಮೇಲೆ ಸೋಜು, ಒಣಮೀನು ಇಟ್ಟರು. ಪಿಲ್ಹೊ ಪ್ಯಾಕೆಟ್ ಒಡೆದು ಒಂದು ಸಿಗರೇಟು ತೆಗೆದು, ಎರಡು ಬೆರಳಲ್ಲಿ ಹಿಡಿದು ತುದಿಗೆ ಲೈಟರ್ ಹಿಡಿದ. ತುದಿ ಕಪ್ಪಾಯಿತು, ಆರಿತು. ಮತ್ತೆ ಹಿಡಿದ, ಮತ್ತೆ ಆರಿತು.

"ಬಾಯಿಗಿಟ್ಟು ಎಳೀದೆ ಅದು ಹತ್ತಲ್ಲ," ಎಂದ ಗುನ್‌ಬೇ.

"ನಾನು ಬಾಯಿಗಿಡಲ್ಲ. ಬಿಟ್ಟವನು ಅಂದ್ರೆ ಬಿಟ್ಟವನು."

"ಹಿರಿಮಗ ನೀನು. ಪ್ರತಿ ವರ್ಷ ಹಚ್ಚಿದವನು ನೀನು."

"ಹಿರಿಮಗ ಅಂದ್ರೆ ಶ್ವಾಸಕೋಶಾನೂ ಬರೆದು ಕೊಡ್ಬೇಕಾ?"

"ಹಾಗಾದ್ರೆ ನಾನು ಬರೆದು ಕೊಡ್ಬೇಕಾ? ಎದೆಗೆ ಸ್ಟೆಂಟ್ ಹಾಕಿಸ್ಕೊಂಡವನು ನಾನು."

"ನಿನಗೆ ಹಚ್ಚು ಅಂತ ಯಾರು ಹೇಳಿದ್ರು?" ಪಿಲ್ಹೊ ಸಿಗರೇಟನ್ನೂ ಲೈಟರನ್ನೂ ಚಾಪೆಯ ಮೇಲೆ ಹಾಕಿದ. ಬೆವರು ಒರೆಸಿಕೊಂಡ. ಆಮೇಲೆ ಮುಖದಲ್ಲಿ ಅಂಗಡಿಯ ನಗುವೇ ಮರಳಿ ಬಂತು. ಜೇಬಿನಿಂದ ತನ್ನ ಹಳೆಯ ವೇಪನ್ನು ತೆಗೆದು, ಬಾಯಿತುದಿ ಸಮಾಧಿಯ ಕಡೆಗಿರುವಂತೆ ಕಲ್ಲಿನ ಮೇಲೆ ಇಟ್ಟ.

"ತಗೋ ಅಪ್ಪ. ಇವನಿಗೆ ಬೇಡವಂತೆ. ನಿನಗಾದ್ರೂ ಆಗ್ಲಿ. ಇದು ಸೋರಲ್ಲ."

ಗುನ್‌ಬೇಯ ಕಣ್ಣು ಕತ್ತಲಿಟ್ಟಿತು. ತನಗೆ ಕೊಟ್ಟದ್ದಾಯಿತು, ಈಗ ಅಪ್ಪನಿಗೂ ಅಣ್ಣ ಬಿಟ್ಟದ್ದು. ಅಪ್ಪ ಕಷ್ಟಕ್ಕೂ ಸುಖಕ್ಕೂ ಹೊಸ ಪ್ಯಾಕೆಟ್ಟನ್ನೇ ಒಡೆಯುತ್ತಿದ್ದ, ಬೇರೆಯವರ ತುಂಡನ್ನು ಎಂದೂ ಮುಟ್ಟಿದವನಲ್ಲ. ಗುನ್‌ಬೇ ಬಾಗಿ ಚಾಪೆಯ ಮೇಲಿನ ಸಿಗರೇಟನ್ನು ಎತ್ತಿಕೊಂಡ. ಒಂದೇ ಸಲ ಎಳೆದು ಹಚ್ಚಿ ಕಲ್ಲಿನ ಮೇಲೆ ಇಡುವುದು, ಅಷ್ಟೇ. ಹಾಗೆಂದು ತನಗೆ ತಾನೇ ಹೇಳಿಕೊಂಡು ಲೈಟರ್ ಒತ್ತಿದ.

"ಲೋ, ಬೇಡ," ಎಂದ ಪಿಲ್ಹೊ.

ತುದಿ ಕೆಂಪಾಯಿತು. ಹೊಗೆ ಗಂಟಲನ್ನು ತಟ್ಟಿ ಒಳಗಿಳಿದು ಎಲ್ಲೆಲ್ಲೋ ಹರಡಿತು. ತಲೆಯ ಜೇನುಹುಳುಗಳೆಲ್ಲ ಒಮ್ಮೆಗೇ ಕೂತವು. ಕೈ ಕಲ್ಲಿನ ಕಡೆ ಹೋಗಬೇಕಿತ್ತು. ಹೋಗಲಿಲ್ಲ. ಬದಲಿಗೆ ಅವನ ಮೈ ತಾನಾಗಿಯೇ ಪಕ್ಕಕ್ಕೆ ತಿರುಗಿತು. ಅಪ್ಪ ಬದುಕಿದ್ದಾಗ ಅವನ ಎದುರು ಮುಖ ಕೊಟ್ಟು ಸೇದಿದ್ದೇ ಇಲ್ಲ; ಯಾವಾಗಲೂ ಹೀಗೇ, ಬೆನ್ನು ತಿರುಗಿಸಿ, ಸಿಗರೇಟಿಗೆ ಅಂಗೈ ಮರೆ ಮಾಡಿ. ಈಗಲೂ ಹಾಗೇ ನಿಂತು ಎರಡನೆಯ ಸಲ ಎಳೆದ. ಅವನಿಗೆ ಸುಖವಾಯಿತು. ಆ ಸುಖಕ್ಕೆ ಅವನು ಅಣ್ಣನನ್ನು ದ್ವೇಷಿಸಿದ.

"ಸಾಕು. ಅಪ್ಪನಿಗೆ ಇಡು."

ಗುನ್‌ಬೇ ಮೂರನೆಯ ಸಲ ಎಳೆದ.

"ಗುನ್‌ಬೇ." ಬೆಳಗಿನಿಂದ ಮೊದಲ ಬಾರಿಗೆ ಆ ದನಿಯಲ್ಲಿ ಕೊಂಕಿರಲಿಲ್ಲ. "ಎದೆ ಕಣೋ."

ಅವನಿಗೆ ಕೇಳಿಸಿತು. ಆದರೆ ಈಗ ತಿರುಗಿದರೆ ತನ್ನ ಕಣ್ಣು ಅಣ್ಣನಿಗೆ ಕಾಣುತ್ತದೆ, ಅದು ಅವನಿಗೆ ಬೇಡವಾಗಿತ್ತು.

ಹಿಂದೆ ರಟ್ಟು ಮುರಿಯುವ ಸದ್ದಾಯಿತು. ಪಿಲ್ಹೊ ಪ್ಯಾಕೆಟ್ಟನ್ನು ಎರಡೂ ಕೈಯಲ್ಲಿ ಹಿಚುಕುತ್ತಿದ್ದ. ಒಳಗಿದ್ದವೆಲ್ಲ ಪುಡಿಯಾಗುವವರೆಗೆ ಬಿಡಲಿಲ್ಲ.

"ಇವತ್ತಿಂದ ಅಪ್ಪನೂ ಬಿಟ್ಟ," ಎಂದ. ತಮ್ಮನಿಗೆ ಹೇಳಿದನೋ ಸಮಾಧಿಗೆ ಹೇಳಿದನೋ ತಿಳಿಯಲಿಲ್ಲ.

ಗುನ್‌ಬೇ ಕಣಿವೆಯ ಕಡೆ ಮುಖ ಮಾಡಿಯೇ ಇದ್ದ. ಲೋಟಕ್ಕೆ ಸೋಜು ಬಗ್ಗಿಸಿದ್ದು ಕೇಳಿಸಿತು. ಇಬ್ಬರೂ ಜೊತೆಯಾಗಿ ಅಡ್ಡಬೀಳುವ ಹೊತ್ತು ಅದು. ಅಣ್ಣ ಸ್ವಲ್ಪ ಕಾದ. ಆಮೇಲೆ ಅವನೊಬ್ಬನೇ ಮಂಡಿಯೂರಿದ್ದಕ್ಕೆ ಚಾಪೆ ಕಿರ್ರೆಂದಿತು, ಎದ್ದ, ಮತ್ತೊಮ್ಮೆ ಕಿರ್ರೆಂದಿತು. ಗುನ್‌ಬೇ ಅಂಗೈಯ ಮರೆಯಲ್ಲಿ ಬೆಂಕಿ ಬೆರಳಿಗೆ ತಾಗುವವರೆಗೂ ಸೇದುತ್ತ ನಿಂತಿದ್ದ.