ಭುಜದ ಮೇಲಿನ ಮೂಗು

"ಥೂ, ಆ ಕಡೆ ತಿರುಗಿ ಕೆಮ್ಮೇ ಕತ್ತೆ! ಮೇಡಂ ಮಿಷನ್ನಿಗೆ ನಿನ್ನ ಎಂಜಲು ಸಿಡಿದು ಕೆಟ್ಟೋದ್ರೆ ನಿಮ್ಮಪ್ಪ ಬಂದು ರಿಪೇರಿ ಮಾಡ್ತಾನಾ?"

ಮೇಸ್ತ್ರಿ ಬೈದದ್ದು ಗುಬ್ಬಿಗೆ. ಆಳು ಗಿಡ್ಡ ಎಂದು ಕಾರ್ಖಾನೆಯವರು ಇಟ್ಟ ಹೆಸರು ಅದು. ಹೆತ್ತವರು ಇಟ್ಟದ್ದನ್ನು ಈಗ ಯಾರೂ ಕೇಳುತ್ತಿರಲಿಲ್ಲ. ಅವಳು ಕೆಮ್ಮನ್ನು ಗಂಟಲಲ್ಲೇ ಅದುಮಿ, ಕಣ್ಣಲ್ಲಿ ನೀರು ತುಂಬಿಕೊಂಡು, ಎರಡೂ ಕೈ ಎತ್ತಿ ನಿಂತಳು. ಸಂಶೋಧನೆಗೆಂದು ಬಂದಿದ್ದ ಕನ್ನಡಕದ ಮೇಡಂ ಅವಳ ಸೊಂಟಕ್ಕೆ ಬೆಲ್ಟು ಬಿಗಿದು ಅಂಗೈಯಗಲದ ಪಂಪು ಸಿಕ್ಕಿಸಿದಳು. ಪಂಪಿನಿಂದ ಹೊರಟ ಸಣ್ಣ ಕೊಳವೆಯನ್ನು ಬೆನ್ನ ಮೇಲಿಂದ ತಂದು ಭುಜದ ಬಳಿ ರವಿಕೆಗೆ ಕ್ಲಿಪ್ಪು ಹಾಕಿದಳು. ಕೊಳವೆಯ ತುದಿಗೊಂದು ಪುಟ್ಟ ಡಬ್ಬಿ, ಡಬ್ಬಿಯೊಳಗೆ ಹಾಲಿನಂಥ ಬಿಳಿ ಹಾಳೆ.

"ಇದು ನಿಮ್ಮ ಇನ್ನೊಂದು ಮೂಗು ಅಂದ್ಕೊಳ್ಳಿ," ಎಂದಳು ಮೇಡಂ. "ನೀವು ಎಳ್ಕೊಳ್ಳೋ ಗಾಳೀನೇ ಇದೂ ಎಳ್ಕೊಳ್ಳತ್ತೆ. ಸಂಜೆ ಹಾಳೆ ತೂಕ ಹಾಕಿದ್ರೆ ಧೂಳು ಎಷ್ಟಿದೆ ಅಂತ ಗೊತ್ತಾಗತ್ತೆ."

"ಗೊತ್ತಾದ್ರೆ ಏನಾಗತ್ತೆ ಮೇಡಂ?"

ಮೇಡಂ ಮೇಸ್ತ್ರಿಯ ಕಡೆ ನೋಡಿ ದನಿ ಇಳಿಸಿದಳು. "ಜಾಸ್ತಿ ಇದ್ರೆ ಧೂಳೆಳೆಯೋ ಫ್ಯಾನು ಹಾಕಲೇಬೇಕು ಅಂತ ವರದಿ ಹೋಗತ್ತೆ. ಆಮೇಲೆ ನಿಮ್ಮ ಯಜಮಾನ್ರು ತಪ್ಪಿಸ್ಕೊಳ್ಳೋ ಹಾಗಿಲ್ಲ."

ಗುಬ್ಬಿಯ ಕಣ್ಣು ಅಂಗಳದಾಚೆಯ ಹಿಂಜುವ ಕೋಣೆಗೆ ಹೋಯಿತು. ಊರೂರಿನ ಹಳೇ ಬಟ್ಟೆ ಮೂಟೆಗಟ್ಟಲೆ ಬಂದು, ಅಲ್ಲಿ ಮಿಷನ್ನಿನ ಬಾಯಿಗೆ ಬಿದ್ದು, ಹಾಸಿಗೆಗೆ ತುಂಬುವ ಹತ್ತಿಯಾಗಿ ಹೊರಬೀಳುತ್ತಿತ್ತು. ಹಗಲೆಲ್ಲ ಬಡಿಯುತ್ತದೆ, ಬಡಿಯುತ್ತಾ ಗೊಣಗುತ್ತದೆ ಎಂದು ಹೆಂಗಸರು ಆ ಮಿಷನ್ನಿಗೆ 'ಅತ್ತೆ' ಎಂದೇ ಹೆಸರಿಟ್ಟಿದ್ದರು. ಗುಬ್ಬಿಯ ಅಕ್ಕ ಆ ಅತ್ತೆಯ ಮುಂದೆ ನಿಂತು ನಿಂತೇ ಕೆಮ್ಮು ಹಿಡಿದು, ಕೊನೆಗೆ ಒಂದು ಲೋಟ ನೀರು ಎತ್ತಲೂ ಆಗದೆ ಸತ್ತಿದ್ದಳು. ಈಗ ಅದೇ ಜಾಗದಲ್ಲಿ ಗುಬ್ಬಿಯ ಮಗಳು ನಿಂತಿದ್ದಳು. ಮೊನ್ನೆಯಿಂದ ಅವಳೂ ನಿದ್ದೆಯಲ್ಲಿ ಕೆಮ್ಮಲು ಶುರುಮಾಡಿದ್ದಳು.

ಮೇಡಂ ಜೊತೆ ಬಂದಿದ್ದ ನೆರೆತ ಗಡ್ಡದ ಪ್ರೊಫೆಸರು ಮುಂದೆ ಬಂದರು. "ನೋಡಮ್ಮ, ನಾವು ಇಲ್ಲೇ ನಿಂತಿದ್ರೆ ನೀವು ಎಂದಿನ ಹಾಗೆ ಕೆಲಸ ಮಾಡಲ್ಲ. ನೋಡೋರ ಕಣ್ಣು ಬಿದ್ರೆ ಮಾಹಿತಿ ಕೆಡತ್ತೆ. ಅದಕ್ಕೇ ನಾವು ಹೋಗಿ ಸಂಜೆ ಬರ್ತೀವಿ."

ಹೋದರು, ಯಜಮಾನರ ಕಾರಿನಲ್ಲಿ.

ಕಾರು ಗೇಟು ದಾಟಿತೋ ಇಲ್ಲವೋ, ಮೇಸ್ತ್ರಿ ಡಬ್ಬಿ ಕಟ್ಟಿಸಿಕೊಂಡ ಇಬ್ಬರನ್ನೂ ಆಫೀಸಿನ ಜಗಲಿಗೆ ಅಟ್ಟಿದ. "ಇಲ್ಲೇ ಕೂತ್ಕೊಳ್ಳಿ. ಸಂಜೆವರೆಗೂ ಕುಂಡಿ ಎತ್ತಬಾರದು."

"ಮತ್ತೆ ಕೆಲಸ, ಮೇಸ್ತ್ರಿ?"

"ಇವತ್ತು ಕೂರೋದೇ ಕೆಲಸ. ಒಳಗೆ ಕಾಲಿಟ್ಟೆ ಅಂದ್ರೆ ನಾಳೆಯಿಂದ ನೀನೂ ಇಲ್ಲ, ನಿನ್ನ ಮಗಳೂ ಇಲ್ಲ. ತಲೆಗೆ ಹೋಯ್ತಾ?"

ಇನ್ನೊಂದು ಡಬ್ಬಿ, ಎಲ್ಲರೂ ಬಾಯಿಬಡುಕಿ ಎಂದು ಕರೆಯುವವಳ ಭುಜದ ಮೇಲಿತ್ತು. ಮೂಟೆ ಬಿಚ್ಚುವವಳು, ಜೊತೆಯವರ ಮುಂದೆ ಬಾಯಿಗೆ ಬೀಗವಿಲ್ಲ, ಮೇಸ್ತ್ರಿ ಬಂದನೆಂದರೆ ಬಾಯಿಯೇ ಇಲ್ಲ. ಅವಳು ಕಾಲು ನೀಡಿ ಕೂತು ನಿಟ್ಟುಸಿರು ಬಿಟ್ಟಳು.

"ಮದುವೆ ದಿನ ಬಿಟ್ರೆ ನಾನು ಇಷ್ಟು ಹೊತ್ತು ಸುಮ್ನೆ ಕೂತಿದ್ದೇ ಇಲ್ಲ ಕಣೇ ಗುಬ್ಬಿ. ಅವತ್ತೂ ಪಕ್ಕದಲ್ಲಿ ಒಂದು ಈ ಪಂಪಿನ ಹಾಗೇ ಗೊರ್ ಅಂತಿತ್ತು."

ಗುಬ್ಬಿ ನಗಲು ಹೋದಳು, ಆಗಲಿಲ್ಲ. ಜಗಲಿಯ ಗಾಳಿ ತಣ್ಣಗೆ, ಹಗುರವಾಗಿ, ಯಾರದೋ ಮನೆಯ ಗಾಳಿಯಂತೆ ಎದೆಯೊಳಕ್ಕೆ ಹೋಗಿ ಬರುತ್ತಿತ್ತು. ಸೊಂಟದ ಪಂಪು ಬೆಕ್ಕಿನ ಮರಿಯ ಹಾಗೆ ಗುರುಗುಡುತ್ತಾ ಅದೇ ಗಾಳಿಯನ್ನು ಕುಡಿಯುತ್ತಿತ್ತು. ಅವಳು ಕೂತಲ್ಲಿ ಕೂರಲಾರದೆ ಒಮ್ಮೆ ಎದ್ದು ಸೆರಗು ಕೊಡವಿದಳು, ಒಮ್ಮೆ ಕಂಬಕ್ಕೆ ಒರಗಿದಳು, ಒಮ್ಮೆ ಡಬ್ಬಿಯೊಳಗೆ ಇಣುಕಿದಳು. ಹಾಳೆ ಬೆಳ್ಳಗೇ ಇತ್ತು. ಸಂಜೆವರೆಗೂ ಹೀಗೇ ಬೆಳ್ಳಗಿದ್ದರೆ ಫ್ಯಾನು ಬರುವುದಿಲ್ಲ.

ಬಿಸಿಲು ನೆತ್ತಿಗೇರಿದಾಗ ಹಿಂಜುವ ಕೋಣೆಯ ಬಾಗಿಲಿನಿಂದ ಒಬ್ಬ ಮುದುಕಿ ಹೊರಬಂದಳು. ತಲೆಗೂದಲು ಬೂದಿ, ಹುಬ್ಬು ಬೂದಿ, ರೆಪ್ಪೆಯ ಮೇಲೂ ಬೂದಿ. ಗೋಡೆ ಹಿಡಿದು, ಬಗ್ಗಿ, ಕೆಮ್ಮಿ, ನಲ್ಲಿಗೆ ಬಾಯಿ ಕೊಟ್ಟಳು. ನೀರು ಇಳಿದ ಕಡೆ ಕೆನ್ನೆಯ ಬಣ್ಣ ಗೆರೆಗೆರೆಯಾಗಿ ಎದ್ದಿತು. ಆಗ ಗುಬ್ಬಿಗೆ ತಿಳಿಯಿತು, ಅದು ತನ್ನ ಮಗಳು. ಶಾಪ ತಟ್ಟಿದ ರಾಜಕುಮಾರಿ ಬೆಳಗಾಗುವುದರಲ್ಲಿ ಹಣ್ಣು ಮುದುಕಿಯಾಗುವ ಕಥೆಯನ್ನು ಅವಳೇ ಈ ಮಗಳಿಗೆ ತೊಡೆಯ ಮೇಲೆ ಹಾಕಿಕೊಂಡು ಹೇಳಿದ್ದಳು. ಆ ಕಥೆಯಲ್ಲಿ ಯಾರೂ ಹೀಗೆ ಕೆಮ್ಮುತ್ತಿರಲಿಲ್ಲ.

ಮಗಳು ಜಗಲಿಯ ಕಡೆ ನೋಡಿ ನಕ್ಕಳು. "ಏನಮ್ಮಾ, ಯಜಮಾನಿ ಥರ ಕೂತಿದ್ದೀಯ! ಫ್ಯಾನು ಬರತ್ತಂತೆ, ಹೌದಾ? ಒಳಗೆ ಎಲ್ಲಾರೂ ಅದನ್ನೇ ಮಾತಾಡ್ತಿದಾರೆ."

ಗುಬ್ಬಿ ಎದ್ದಳು.

ಬಾಯಿಬಡುಕಿ ಅವಳ ಸೆರಗು ಹಿಡಿದಳು. "ಹೋಗ್ಬೇಡ ಕಣೇ! ಹೊಟ್ಟೆಗೆ ಕಲ್ಲು ಹಾಕ್ತಾನೆ ಅವನು."

"ಎದೆಗೆ ಹತ್ತಿ ತುಂಬಿ ಆಯ್ತಲ್ಲ. ಬಿಡು."

ಅಂಗಳದ ನಡುವಿಗೆ ಬಂದಾಗ ಮೇಸ್ತ್ರಿ ಕೂಗಿದ್ದು ಕೇಳಿಸಿತು. "ಏಯ್ ಲೌಡಿ! ಎಲ್ಲಿಗೆ ಹೊರಟೆ? ನಿಂತ್ಕೋ! ಕಾಲು ಮುರೀತೀನಿ!" ಅವನು ಓಡಿಬಂದ. ಗುಬ್ಬಿ ಅಷ್ಟರಲ್ಲಿ ಒಳಗಿದ್ದಳು. ಕೋಣೆಯ ಬಾಗಿಲಲ್ಲಿ ಮೇಸ್ತ್ರಿ ಗಕ್ಕನೆ ನಿಂತ. ಅವನು ಒಳಗೆ ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ; ಆಳುಗಳನ್ನು ಬೈಯುವುದಿದ್ದರೂ ಹೊಸಿಲಾಚೆ ನಿಂತು, ಮೂಗಿಗೆ ಟವೆಲು ಒತ್ತಿಕೊಂಡೇ ಬೈಯುವವನು.

"ಹೊರಗೆ ಬಾರೇ ಮುಂಡೆ!" ಟವೆಲಿನೊಳಗಿಂದ ಮಾತು ಮೆತ್ತಗೆ ಕೇಳಿಸಿತು.

"ನೀನೇ ಬಂದು ಎಳ್ಕೊಂಡು ಹೋಗು."

ಹೆಂಗಸರು ಕೆಲಸ ಬಿಟ್ಟು ನೋಡಿದರು, ಮತ್ತೆ ಕೆಲಸಕ್ಕೆ ಕೈ ಹಾಕಿದರು. ಗುಬ್ಬಿ ಅಕ್ಕ ನಿಲ್ಲುತ್ತಿದ್ದ ಜಾಗದಲ್ಲಿ, ಮಗಳ ಪಕ್ಕ, ಅತ್ತೆಯ ಬಾಯಿಗೆ ಚಿಂದಿ ಕೊಡುತ್ತಾ ನಿಂತಳು. ಬೇಕೆಂದು ಒಂದು ಹಿಡಿ ಧೂಳನ್ನೂ ಎಬ್ಬಿಸಲಿಲ್ಲ. ಎಬ್ಬಿಸುವ ಅಗತ್ಯವೇ ಇರಲಿಲ್ಲ.

ಸಂಜೆ ಪ್ರೊಫೆಸರು ಬೆಳಕಿಗೆ ಹಿಡಿದದ್ದು ಮೊದಲು ಬಾಯಿಬಡುಕಿಯ ಡಬ್ಬಿ. ಬಿಳಿ. ಆಮೇಲೆ ಗುಬ್ಬಿಯ ಭುಜಕ್ಕೆ ಬಗ್ಗಿದರು. ಹಾಳೆಯ ಮೇಲೆ ಬೂದುಬಣ್ಣದ ದಪ್ಪ ತೊಗಲು ಬೆಳೆದಿತ್ತು.

"ಇದೇನಿದು? ಒಂದಕ್ಕೊಂದು ತಾಳೆನೇ ಇಲ್ವಲ್ಲ!"

"ಬೇಕಂತ ಹತ್ತಿ ತುರುಕಿದ್ದಾಳೆ ಸಾರ್," ಎಂದ ಮೇಸ್ತ್ರಿ. "ಇವಳದ್ದು ಯಾವಾಗ್ಲೂ ಇದೇ ಹಲ್ಕಾ ಬುದ್ಧಿ."

"ಹಾಗಾದ್ರೆ ಇದನ್ನ ಬಿಟ್ಬಿಡೋಣ," ಪ್ರೊಫೆಸರು ಮೇಡಂಗೆ ಹೇಳಿದರು. "ಅದೊಂದೇ ಸಾಕು."

ಗುಬ್ಬಿಯ ಹಿಂದಿನಿಂದ ಬೇರೆಯೇ ದನಿ ಬಂತು. ನಡುಗುತ್ತಿತ್ತು.

"ಸಾರ್, ನನ್ನ ಡಬ್ಬಿ ಬೆಳಗ್ಗೆಯಿಂದ ಜಗಲಿ ಮೇಲಿತ್ತು." ಬಾಯಿಬಡುಕಿ ನೆಲ ನೋಡುತ್ತಲೇ ಹೇಳಿದಳು. "ಅವನೇ ಕೂರಿಸಿದ್ದು. ಅವಳು ಮಾತ್ರ ಒಳಗೆ ಹೋಗಿ ದುಡಿದಳು."

"ನಿನ್ನ ನಾಲಿಗೆ ಸೀಳ್ತೀನಿ! ನಾಳೆ ಗೇಟು ಹತ್ರ ಬಂದ್ರೆ ನೋಡ್ಕೋ!"

ಪ್ರೊಫೆಸರು ಮೇಸ್ತ್ರಿಯನ್ನು ನೋಡಿದರು, ಹೆಂಗಸರನ್ನು ನೋಡಿದರು, ಕೊನೆಗೆ ಕೈಗಡಿಯಾರ ನೋಡಿದರು. "ಇದು ನಿಮ್ಮ ನಿಮ್ಮ ಒಳಜಗಳ. ಯಾವುದು ನಿಜ ಅಂತ ನಾನು ಹೇಗೆ ಹೇಳಲಿ? ಪಂಪು ಬಿಚ್ಚಿ ಕೊಡಮ್ಮ, ಹೊತ್ತಾಯ್ತು."

ಗುಬ್ಬಿ ಬೆಲ್ಟಿನ ಮೇಲೆ ಕೈ ಇಟ್ಟಳು. ಬಿಚ್ಚಲಿಲ್ಲ. ತಿರುಗಿ ಅಂಗಳ ದಾಟತೊಡಗಿದಳು. ಮಗಳು ಅವಳ ಹಿಂದೆ, ಬಾಯಿಬಡುಕಿ ಮಗಳ ಹಿಂದೆ.

"ಏಯ್, ಪಂಪು! ಅದು ದುಬಾರಿ ಸಾಮಾನು!" ಪ್ರೊಫೆಸರ ಮರ್ಯಾದೆಯ ಮಾತು ಜಾರಿಬಿತ್ತು. "ಎಲ್ಲಿಗೆ ಹೋಗ್ತೀಯೇ?"

ಹಿಂಜುವ ಕೋಣೆಯ ಬಾಗಿಲಲ್ಲಿ ಗುಬ್ಬಿ ಹೊರಳಿದಳು. "ಯಾವುದು ನಿಜ ಅಂತ ಕೇಳಿದ್ರಲ್ಲ ಸಾರ್. ಒಳಗಿದೆ. ಬಂದು ತಗೊಳ್ಳಿ."

ಸಂಜೆ ಪಾಳಿಯವರು ಮಿಷನ್ನು ಹಾಕಿದರು. ಅತ್ತೆ ಬಡಿಯತೊಡಗಿದಳು. ಬಾಗಿಲಿನಿಂದ ಬೂದುಬಣ್ಣದ ಮೋಡ ಉರುಳಿ ಬಂದು ಅಂಗಳದಲ್ಲಿ ನಿಂತವರ ಷೂಗಳ ಮೇಲೆ ಕೂತಿತು. ಪ್ರೊಫೆಸರು ಹಿಂದೆ ಸರಿದರು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡಳು, ದುಪಟ್ಟಾ ಮೂಗಿಗೆ ಕಟ್ಟಿಕೊಂಡಳು, ಹೊಸಿಲಿನವರೆಗೆ ಬಂದು ನಿಂತಳು. ಒಳಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ಆ ಬೂದಿಯಲ್ಲಿ ಯಾರೋ ಒಬ್ಬರು ಒಂದೇ ಸಮನೆ ಕೆಮ್ಮುತ್ತಿದ್ದರು. ತಾಯಿಯೋ, ಮಗಳೋ ತಿಳಿಯಲಿಲ್ಲ.