ಮೇಷ್ಟ್ರ ಕಾಲಿನ ಚಾರ್ಜು

ಮೇಷ್ಟ್ರಿಗೆ ಐವತ್ತೆರಡನೇ ವಯಸ್ಸಿನಲ್ಲಿ ಜ್ಞಾನೋದಯವಾಯಿತು. ಪ್ರೀತಿ ಹಂಚಿದಷ್ಟೂ ಹೆಚ್ಚುತ್ತದಂತೆ, ಒಬ್ಬರನ್ನು ಒಬ್ಬರಿಗೇ ಕಟ್ಟಿಹಾಕುವುದು ಹಳೇ ಕಾಲದ ದಬ್ಬಾಳಿಕೆಯಂತೆ. ಇದನ್ನೆಲ್ಲ ಅವರು ಸೋಫಾದಲ್ಲಿ ಒರಗಿ, ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ ಉಪದೇಶಿಸಿದರು. ಆ ಕಾಲಿನಲ್ಲಿ ಸಕ್ಕರೆ ಕಾಯಿಲೆಯ ಹುಣ್ಣು. ಏಳು ತಿಂಗಳಿಂದ ದಿನವೂ ಬೆಳಿಗ್ಗೆ ಅದನ್ನು ತೊಳೆದು ಕಟ್ಟುವ ಹೆಂಡತಿ ನೆಲದ ಮೇಲೆ ಕೂತು ಬ್ಯಾಂಡೇಜು ಬಿಚ್ಚುತ್ತಿದ್ದಳು.

"ನಿನಗೂ ಅಷ್ಟೇ ಸ್ವಾತಂತ್ರ್ಯ ಇದೆ. ನಾನು ಅಡ್ಡ ಬರಲ್ಲ," ಎಂದರು.

ಎಂಥ ಔದಾರ್ಯ! ಕಾಲು, ಅಡುಗೆ, ಆಸ್ಪತ್ರೆಯ ಎಂಟು ಗಂಟೆ ಡ್ಯೂಟಿ ಮುಗಿಸಿದವಳು ಆ ಸ್ವಾತಂತ್ರ್ಯಕ್ಕೆ ಬಿಡುವು ಎಲ್ಲಿಂದ ತರಬೇಕೆಂದು ಮಾತ್ರ ಮೇಷ್ಟ್ರು ಹೇಳಲಿಲ್ಲ.

"ಯಾರವಳು?" ಹೆಂಡತಿ ಕೇಳಿದಳು.

"ನಮ್ಮ ಕಾಲೇಜಿನ ಡ್ಯಾನ್ಸ್ ಟೀಚರ್. ತುಂಬಾ ಪ್ರಬುದ್ಧೆ. ಅವಳಿಗೆ ನಿನ್ನ ಮೇಲೆ ಗೌರವ ಇದೆ."

ಹೆಂಡತಿ ಹೊಸ ಬ್ಯಾಂಡೇಜು ಸುತ್ತುತ್ತಲೇ ಲೆಕ್ಕ ಹಾಕಿದಳು. ಇಪ್ಪತ್ತಾರು ವರ್ಷದ ಸಂಸಾರ ಉಳಿಸಿಕೊಳ್ಳಬೇಕೋ, ಮಾನವನ್ನೋ? ಅತ್ತರೆ ಅದನ್ನೂ ಅಸೂಯೆ ಎಂದು ಪಾಠ ಮಾಡುತ್ತಾರೆಂದು ಅಳಲಿಲ್ಲ. ವಾರ್ಡಿನ ಹೆಡ್ ನರ್ಸ್ ಅವಳು, ಹದಿನೈದು ವರ್ಷ ಡ್ಯೂಟಿ ಚಾರ್ಟು ಬರೆದವಳು. ಮನೆಗೂ ಒಂದು ಬರೆದಳು. ಕಾಲು ತೊಳೆಯುವ ಕೆಲಸ ವಾರಕ್ಕೆ ನಾಲ್ಕು ದಿನ ತನಗೆ, ಮೂರು ದಿನ ಡ್ಯಾನ್ಸ್ ಟೀಚರಿಗೆ.

"ಭಾನುವಾರ ಬರೋಕೆ ಹೇಳಿ. ಚಾರ್ಜು ಕೊಡ್ತೀನಿ."

ಮೇಷ್ಟ್ರು ಉಬ್ಬಿಹೋದರು. ಅವರ ಪಾಠ ಇಷ್ಟು ಬೇಗ ಯಾರ ತಲೆಗೂ ಹತ್ತಿರಲಿಲ್ಲ.

ವಾರ್ಡಿನಲ್ಲಿ ಪಾಳಿ ಮುಗಿಯಿತೆಂದು ಸುಮ್ಮನೆ ಎದ್ದು ಹೋಗುವಂತಿಲ್ಲ. ಮುಂದಿನವಳಿಗೆ ರೋಗಿಯನ್ನು, ಗಾಯವನ್ನು ತೋರಿಸಿ, ಸಹಿ ಹಾಕಿಸಿಕೊಂಡೇ ಹೋಗಬೇಕು. ಭಾನುವಾರ ಡ್ಯಾನ್ಸ್ ಟೀಚರ್ ಹೂಗುಚ್ಛ ಹಿಡಿದು ಬಂದು "ಅಕ್ಕಾ" ಎಂದಳು. ಅಕ್ಕನಂತೆ! ಹೆಂಡತಿ ಅವಳನ್ನು ಸ್ಟೂಲಿನ ಮುಂದೆ ಕೂರಿಸಿ ಬ್ಯಾಂಡೇಜು ಬಿಚ್ಚಿದಳು. ವಾಸನೆ ಕೋಣೆ ತುಂಬಿತು.

"ಕೀವು ಒರೆಸಿ, ಉಪ್ಪುನೀರಲ್ಲಿ ತೊಳೀಬೇಕು. ಇಲ್ಲಿ ಸಹಿ ಹಾಕಮ್ಮ."

ಟೀಚರ್ ಮೂಗಿಗೆ ಸೆರಗು ಒತ್ತಿದಳು. "ಅಕ್ಕಾ, ಇದಕ್ಕೆಲ್ಲ ಒಬ್ಬ ನರ್ಸನ್ನ ಇಟ್ಕೊಂಡ್ರೆ..."

"ಇಟ್ಕೊಂಡಿದ್ದಾರಲ್ಲ, ಇಪ್ಪತ್ತಾರು ವರ್ಷದಿಂದ."

ಪ್ರಬುದ್ಧೆಗೆ ತಟ್ಟನೆ ಯಾವುದೋ ರಿಹರ್ಸಲ್ ನೆನಪಾಯಿತು. ಸಹಿ ಹಾಕದೆಯೇ ಹೊರಟಳು, ಹೂಗುಚ್ಛ ಅಲ್ಲೇ ಉಳಿಯಿತು.

"ಅವಳಿಗೆ ಯಾಕೆ ಇದನ್ನ ತೋರಿಸ್ದೆ?" ಮೇಷ್ಟ್ರು ಸಿಡುಕಿದರು. "ಅವಳ ಸ್ಥಾನ ಬೇರೆ, ನಿನ್ನ ಸ್ಥಾನ ಬೇರೆ."

ಈಗ ಅವಳಿಗೆ ಎಲ್ಲ ನಿಚ್ಚಳವಾಯಿತು. ಹಂಚುವುದು ಪ್ರೀತಿಯನ್ನು ಮಾತ್ರ, ಕೀವನ್ನಲ್ಲ. ಇಂಥವನ ಜೊತೆಗಿನ ಸಂಸಾರ ಹೋಗುತ್ತದೆಂದು ಒಂದು ವಾರ ನಿದ್ದೆಗೆಟ್ಟಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಚಾರ್ಟಿನ ಎರಡೂ ಹೆಸರು ಹೊಡೆದುಹಾಕಿ, ಏಳೂ ದಿನಕ್ಕೆ ಮೇಷ್ಟ್ರ ಹೆಸರು ಬರೆದಳು. ಅವರ ಕೈ ತೊಳೆಸಿ, ಹತ್ತಿ, ಕತ್ತರಿ ಕೊಟ್ಟು ಒಂದೊಂದೇ ಹೇಳಿ ಮಾಡಿಸಿದಳು. ಕಟ್ಟು ವಕ್ರವಾಗಿತ್ತು, ಆದರೆ ನಿಂತಿತು. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿ, ಒಳಗಿಂದ ಬಟ್ಟೆ ತುಂಬಿದ ತನ್ನ ಸೂಟ್‌ಕೇಸ್ ತಂದಳು.

"ನರ್ಸ್ ಕ್ವಾರ್ಟರ್ಸ್‌ನಲ್ಲಿ ರೂಮು ಸಿಕ್ಕಿದೆ. ಚಾರ್ಜು ತಗೊಂಡೆ ಅಂತ ಸಹಿ ಹಾಕಿ."

ಮೇಷ್ಟ್ರು ಕೈಗೆ ಬಂದ ಪೆನ್ನನ್ನು ಹಿಂದಕ್ಕೆಳೆದುಕೊಂಡರು. "ಹಾಕಲ್ಲ. ನೀನೇ ಹೇಳ್ತಿದ್ಯಲ್ಲ, ಸಹಿ ಇಲ್ಲದೆ ಬಿಟ್ಟು ಹೋಗೋ ಹಾಗಿಲ್ಲ ಅಂತ? ನೀನು ನನ್ನ ಹೆಂಡತಿ."

ಕಟ್ಟಿಹಾಕುವುದು ದಬ್ಬಾಳಿಕೆ ಎಂದವರು ಇವರೇ. ಅವಳು ಅವರ ಕೈಯಿಂದ ಪೆನ್ನು ತೆಗೆದುಕೊಂಡಳು.

"ಮುಂದಿನವರು ಹಟ ಹಿಡಿದರೆ ಹೆಡ್ ನರ್ಸೇ ಸಹಿ ಹಾಕಬಹುದು," ಎಂದು ತಾನೇ ಸಹಿ ಹಾಕಿ, ಚಾರ್ಟನ್ನು ಅವರ ತೊಡೆಯ ಮೇಲಿಟ್ಟು ಹೊರಟಳು.